ಮುಚ್ಚಳದ ಮೇಲಿನ ಬೊಟ್ಟು

ನನ್ನ ಒಂದು ಖಾಕಿ ಪ್ಯಾಂಟು ಇನ್ನೆರಡು ದಿನದಲ್ಲಿ ನೆಲ ಒರೆಸುವ ಬಟ್ಟೆಯ ಹುದ್ದೆಗೆ ಹಿಂಬಡ್ತಿ ಹೊಂದಲಿದೆ. ಆದೇಶ ಹೊರಡಿಸಿದವಳು ನನ್ನ ಹೆಂಡತಿ ಸುಶೀಲೆ; ಮೇಲ್ಮನವಿಗೆ ಅವಕಾಶವಿಲ್ಲ. "ತೊಡೆ ಮೇಲೆ ಅಂಗೈ ಅಗಲ ಬಣ್ಣ ಹೋಗಿದೆ. ಇದನ್ನ ಹಾಕ್ಕೊಂಡು ಊರೊಳಗೆ ನಡೆದ್ರೆ ನೋಡಿದೋರು ಏನಂದ್ಕೋಬೇಕು" ಎಂಬುದು ಅವಳ ವಾದ. ವಾದದಲ್ಲಿ ಹುರುಳಿದೆ. ಆದರೆ ಅದು ಪೆಟ್ರೋಲಿನ ಕಲೆ. ಪೆಟ್ರೋಲು ತೆಗೆದ ಬಣ್ಣಕ್ಕಿಂತ ಅದನ್ನು ಹೋಗಲಾಡಿಸಲು ಅವಳು ಆಡಿಸಿದ ಬ್ರಷ್ಷು ತೆಗೆದ ಬಣ್ಣವೇ ಹೆಚ್ಚು. ಇದನ್ನು ನಾನು ಬಾಯಿಬಿಟ್ಟು ಹೇಳಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಕಲಿತ ವಿದ್ಯೆಗಳಲ್ಲಿ ಅದೂ ಒಂದು.

ಆ ಕಲೆ ಬಿದ್ದ ಬೆಳಗನ್ನು ನೆನೆದರೆ ನನಗೆ ಈಗಲೂ ಒಂದು ದೊಡ್ಡ ಉಸಿರು ಹೊರಬರುತ್ತದೆ. ಅದನ್ನು ನಿಮಗೆ ಹೇಳಿಬಿಟ್ಟರೆ ಪ್ಯಾಂಟಿಗೂ ಸದ್ಗತಿ ಸಿಕ್ಕೀತು.

ನಾನು ಹುಣಸೂರಿನವನು. ಕೆಲಸ ವೀರನಹೊಸಹಳ್ಳಿ ದಿಕ್ಕಿನ ಒಂದು ಪಶು ಆಸ್ಪತ್ರೆಯಲ್ಲಿ. ಡಾಕ್ಟರಲ್ಲ; ಜಾನುವಾರು ಪರೀಕ್ಷಕ. ಈ ಭೇದ ಇಲಾಖೆಗೆ ಗೊತ್ತು, ನನ್ನ ಸಂಬಳಕ್ಕೂ ಗೊತ್ತು. ದನಗಳಿಗೆ ಗೊತ್ತಿಲ್ಲ. ದನ ಸಾಕಿದವರು ಗೊತ್ತಿದ್ದೂ 'ಡಾಕ್ಟ್ರೇ' ಎನ್ನುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ದಿನವೂ ಹೋಗಿಬರುವುದು ಒಂದು ನೂರು ಸಿಸಿಯ ಬೈಕಿನಲ್ಲಿ. ಕೊಂಡಾಗ ಅದರ ಬಣ್ಣ ಕಪ್ಪು. ಈಗ ಯಾರಾದರೂ ಬಣ್ಣ ಕೇಳಿದರೆ ರಿಜಿಸ್ಟ್ರೇಷನ್ ಪುಸ್ತಕ ತೋರಿಸುತ್ತೇನೆ. ಅದರ ಸದ್ದು ಸುತ್ತಲ ಹಳ್ಳಿಗಳ ಎಮ್ಮೆಗಳಿಗೆ ಚೆನ್ನಾಗಿ ಪರಿಚಯ. ಸೂಜಿಯ ನೆನಪಾಗಿ, ನಾನು ಊರಬಾಗಿಲಿಗೆ ಬರುವ ಮೊದಲೇ ಅವು ಹಿತ್ತಲ ಕಡೆ ಹೊರಟಿರುತ್ತವೆ.

ಈ ಗಾಡಿಯನ್ನು ನಾನು ಸಾಕಿಕೊಂಡು ಬಂದ ರೀತಿಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು. ಬೆಳಿಗ್ಗೆ ಎಬ್ಬಿಸುವುದಕ್ಕೊಂದು ಕ್ರಮ: ಚೋಕ್ ಎಳೆದು, ಗಾಡಿಯನ್ನು ಒಮ್ಮೆ ಎಡಕ್ಕೆ ವಾಲಿಸಿ, ಕೀಲಿ ಹಾಕದೆ ಮೂರು ಕಿಕ್, ನಾಲ್ಕನೆಯದಕ್ಕೆ ಕೀಲಿ. ಭಾನುವಾರ ಚೈನಿಗೆ ಎಣ್ಣೆ, ಚಕ್ರಕ್ಕೆ ಗಾಳಿ, ಬ್ರೇಕಿನ ತಂತಿಗೆ ಎರಡು ತಿರುವು. ಶುಕ್ರವಾರ ಪೂಜೆ. ಕೊನೆಯದನ್ನು ಕಂಪನಿಯವರು ಕೊಟ್ಟ ಕೈಪಿಡಿಯಲ್ಲಿ ಯಾಕೋ ಬರೆದಿಲ್ಲ.

ಪೂಜೆಯ ಈ ಅಭ್ಯಾಸ ನಮ್ಮಪ್ಪನಿಂದ ಬಂದದ್ದು. ಅವರು ಸಾಲಿಗ್ರಾಮದ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು. ಆಯುಧಪೂಜೆಯ ದಿನ ಮನೆಯಲ್ಲಿರುವ ಕಬ್ಬಿಣದ ಕುಲಕ್ಕೆಲ್ಲ ಅವರ ಕೈಯಿಂದ ಬೊಟ್ಟು ಬೀಳಬೇಕು. ಕುಡುಗೋಲು, ಈಳಿಗೆಮಣೆ, ಬೀಗ, ಅಕ್ಕಿ ಅಳೆಯುವ ಸೇರು, ಸೈಕಲ್ಲು. ಸೈಕಲ್ಲಿನ ಬೆಲ್ಲಿಗೆ ಗಂಧ ಮೆತ್ತಿದ ಮೇಲೆ ಅದು ದೀಪಾವಳಿಯವರೆಗೂ 'ಟಣ್' ಅನ್ನುವ ಬದಲು 'ಟಕ್' ಎನ್ನುತ್ತಿತ್ತು. ಗಿರಣಿಯ ಬಾಗಿಲಲ್ಲಿ ಅಡ್ಡ ನಿಂತ ಕೋಳಿಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಟಾರ್ಚಿಗೂ ಬೊಟ್ಟು, ಅದೂ ಗಾಜಿಗೇ. ಅಪ್ಪ ಬೆಳಕು ಬಿಟ್ಟಲ್ಲೆಲ್ಲ ಅದರ ನಟ್ಟನಡುವೆ ಒಂದು ಮಸುಕು ಮಚ್ಚೆ ಮುಂದೆ ಮುಂದೆ ಹೋಗುತ್ತಿತ್ತು. ಹಾವಿದ್ದರೆ ಆ ಮಚ್ಚೆಯೊಳಗೇ ಇರುತ್ತದೆಂದು ನನಗೆ ಖಾತ್ರಿ. ಒರೆಸಿಬಿಡಿ ಎಂದರೆ ಅಪ್ಪ ಒಪ್ಪುತ್ತಿರಲಿಲ್ಲ. "ಇಟ್ಟ ಬೊಟ್ಟ ನಾವಾಗಿ ಒರ್ಸ್‌ಬಾರ್ದು ಕಣ್ಲಾ. ಅದಾಗೇ ಓಗ್ಬೇಕು" ಎನ್ನುತ್ತಿದ್ದರು. ಈ ಕಾನೂನನ್ನು ನಾನು ಅರವತ್ತರ ಹತ್ತಿರಕ್ಕೆ ಬಂದರೂ ಮುರಿದಿಲ್ಲ. ಹಳೆಯ ಬೊಟ್ಟು ಹೋಗದಿದ್ದರೆ ಅದರ ಮೇಲೆಯೇ ಹೊಸದು.

ಬೈಕಿನಲ್ಲಿ ಬೊಟ್ಟು ಎಲ್ಲಿಡಬೇಕೆಂಬುದನ್ನು ನಾನು ವೃತ್ತಿಧರ್ಮಕ್ಕೆ ತಕ್ಕಂತೆ ತೀರ್ಮಾನಿಸಿದ್ದೆ. ಹ್ಯಾಂಡಲು ಕೊಂಬು, ಹೆಡ್‌ಲೈಟು ಮೂತಿ. ಹಾಗಾದರೆ ಕೊಂಬಿನ ಹಿಂದೆ ಉಬ್ಬಿಕೊಂಡಿರುವ ಪೆಟ್ರೋಲ್ ಟ್ಯಾಂಕಿನ ಮುಚ್ಚಳವೇ ನೆತ್ತಿ. ಹಸುವಿಗೆ ಇಡುವಲ್ಲೇ ಗಾಡಿಗೂ. ಇದರಲ್ಲಿ ತಪ್ಪು ಹುಡುಕುವವರು ಯಾರು?

ಹೋದ ದಸರಾ ಕಳೆದು ವಾರವಾಗಿತ್ತು. ಹುಣಸೂರು ಬಿಟ್ಟು ಎಂಟು ಕಿಲೋಮೀಟರು ಹೋದ ಮೇಲೆ, ರಸ್ತೆಗೆ ಅಡ್ಡಲಾಗಿ ಒಂದು ಮೋರಿ ಇರುವಲ್ಲಿ, ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಕಿಕ್ ಹೊಡೆದೆ. ವಾಲಿಸಿ ಹೊಡೆದೆ. ಟ್ಯಾಂಕಿಗೆ ಕಿವಿಯಿಟ್ಟು ಅಲ್ಲಾಡಿಸಿದರೆ ಪೆಟ್ರೋಲು ಒಳಗೆ ಕುಲುಕುಲು ಎನ್ನುತ್ತಿತ್ತು. ಅಷ್ಟು ದೂರ ತಳ್ಳಿಕೊಂಡು ಹೋಗಿ ಇನ್ನೊಮ್ಮೆ ಹೊಡೆದೆ. ಏನೂ ಆಗದ ಹಾಗೆ ಹೊರಟಿತು. ಮರುದಿನವೂ ಅದೇ ಮೋರಿ, ಅದೇ ಕೆಮ್ಮು. ಮೂರನೆಯ ದಿನ ಮೋರಿಯ ಮೇಲೆ ಕೂತಿದ್ದ ಇಬ್ಬರು ದನ ಕಾಯುವವರು ನನ್ನನ್ನು ಕಂಡು ಜಾಗ ಬಿಟ್ಟು ಸರಿದು ಕೂತರು. "ಬನ್ನಿ ಸಾ, ಕೂತ್ಕಳಿ. ಒಂದ್ ಹತ್ ನಿಮ್ಸಕ್ಕೆ ಸರಿ ಓಯ್ತದೆ" ಅಂದರು, ಬಸ್ಸಿಗೆ ಕಾಯುವವನಿಗೆ ಹೇಳುವ ಹಾಗೆ.

ಗಾಡಿಯ ಆರೋಗ್ಯ ನೋಡುವವನು ನಮ್ಮೂರಿನ ಮೆಕ್ಯಾನಿಕ್ ಮುನೀರ್. ಗಾಡಿ ಬಂದ ಕೂಡಲೇ ಅವನ ಮೊದಲ ಕೆಲಸ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕುವುದು, ನಾವು ಹಸುವಿನ ಕಣ್ಣರೆಪ್ಪೆ ಬಿಡಿಸಿ ನೋಡುವಂತೆ. ಇಣುಕಿ, ಮುಚ್ಚಿ, ಕಿಕ್ ಹೊಡೆದ. ಒಂದೇ ಕಿಕ್ಕಿಗೆ ಎದ್ದಿತು. ಬೀದಿಯ ತುದಿಯವರೆಗೆ ಓಡಿಸಿಕೊಂಡು ಬಂದ.

"ಗಾಡೀಗೆ ಏನೂ ಆಗಿಲ್ಲ ಸಾ."

"ಮತ್ತೆ ದಿನಾ ನಿಲ್ತದಲ್ಲಪ್ಪ."

"ನನ್ ಮುಂದೆ ನಿಲ್ಲಾಕಿಲ್ವಲ್ಲ. ನಿಮ್ ಮುಂದೇ ಯಾಕ್ ನಿಲ್ತದೆ? ನಿಮ್ ಮ್ಯಾಲೇ ಏನಾರ ಕ್ವಾಪ ಇರ್ಬೇಕು."

ಈ ಮಾತು ನನ್ನ ಎದೆಗೆ ನಾಟಿತು. ಯಾಕೆಂದರೆ ಇದನ್ನೇ ನಾನು ಎಷ್ಟೋ ರೈತರಿಗೆ ಅಂದಿದ್ದೇನೆ. ಮೂರು ದಿನದಿಂದ ಮೇವು ಮುಟ್ಟಿಲ್ಲ ಎಂದು ಗೋಳಾಡಿ ಕರೆದುಕೊಂಡು ಹೋಗುತ್ತಾರೆ. ನಾನು ಹೋಗಿ ನಿಂತರೆ ಹಸು ಕರಕರ ಹುಲ್ಲು ಮೇಯುತ್ತಿರುತ್ತದೆ. "ಹಸೂಗೆ ಏನೂ ಇಲ್ಲ ಕಣ್ರಿ, ನಿಮಗೇ ಏನೋ ಇರ್ಬೇಕು" ಎಂದು ನಗಿಸಿ ಬಂದಿದ್ದೇನೆ. ಅವರೆಲ್ಲರ ಕ್ಷಮೆಯನ್ನು ಮುನೀರನ ಅಂಗಡಿಯ ಮುಂದೆ ಮನಸ್ಸಿನಲ್ಲೇ ಕೇಳಿದೆ.

ಇದಿಷ್ಟೇ ಆಗಿದ್ದರೆ ಮೋರಿಯ ಮೇಲೆ ಹತ್ತು ನಿಮಿಷ ಕೂತು ಕಾಲ ಹಾಕಬಹುದಿತ್ತು. ಆದರೆ ಆಗ ಜಯಮ್ಮನವರ ಕಡಸು ತುಂಬುದಿಂಗಳಲ್ಲಿತ್ತು.

ಜಯಮ್ಮ ಆಸ್ಪತ್ರೆಯಿಂದ ಆಚೆ, ಕಾಡಂಚಿನ ಹಳ್ಳಿಯವರು. ಗಂಡ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೋದರೆ ಹದಿನೈದು ದಿನಕ್ಕೊಮ್ಮೆ ಬರುವುದು. ಮನೆಯ ಹಳೇ ಹಸು ಹಾಲು ಬತ್ತಿ ಕೂತಿತ್ತು. ಅದರ ಮಗಳಾದ ಈ ಕಡಸಿಗೆ ಇದೇ ಚೊಚ್ಚಲು. ಕರುವಾಗಿದ್ದಾಗಿನ ಲಸಿಕೆಯಿಂದ ಹಿಡಿದು ಎಲ್ಲಾ ಮಾಡಿದವನು ನಾನೇ. ಗರ್ಭ ಕಟ್ಟಿಸುವಾಗ ಜಯಮ್ಮ, "ಸಣ್ಣ ಮೈ ಸಾ ಇದು, ಸಣ್ಣ ತಳೀದೇ ಆಕಿ" ಅಂದಿದ್ದರು. ನಾನು ಹಾಲಿನ ಆಸೆ ತೋರಿಸಿ ದೊಡ್ಡ ತಳಿಯದ್ದು ಹಾಕಿದ್ದೆ. ಈಗ ಹೊಟ್ಟೆ ನೋಡಿದರೆ ನನಗೇ ದಿಗಿಲಾಗುತ್ತಿತ್ತು. ಕರು ದೊಡ್ಡದು, ದಾರಿ ಚಿಕ್ಕದು. ಹೆಚ್ಚುಕಮ್ಮಿಯಾದರೆ ಹೋಗುವುದು ಕರು ಒಂದೇ ಅಲ್ಲ. ನಮ್ಮ ಡಾಕ್ಟರು ಬೇರೆ ತರಬೇತಿಗೆ ಹೋಗಿದ್ದರು.

"ನೋವು ಶುರುವಾದ ತಕ್ಷಣ ಫೋನ್ ಮಾಡಿ ಜಯಮ್ಮ. ಅರ್ಧ ಗಂಟೇಲಿ ನಿಮ್ಮ ಕೊಟ್ಟಿಗೇಲಿರ್ತೀನಿ" ಎಂದು ಮಾತು ಕೊಟ್ಟೆ.

"ಗಾಡಿ ನಿಂತೋದ್ರೆ?"

"ನಿಲ್ಲಲ್ಲ."

"ಮೊನ್ನೆ ಮೋರಿತಾವ ತಳ್ಕಂಡು ಓಯ್ತಿದ್ರಲ್ಲ, ನಾನು ಬಸ್ಸಲ್ಲಿ ನೋಡ್ದೆ. ಮಾತಾಡ್ಸಾನ ಅನ್ಕಂಡೆ. ಸಂಕೋಚ ಪಟ್ಕಂಡಾರು ಅಂತ ಸುಮ್ಗಾದೆ."

ಆ ವಾರ ನಾನು ಗಾಡಿಯನ್ನು ರಿಪೇರಿ ಮಾಡಿಸಿದಷ್ಟು ಶ್ರದ್ಧೆಯಿಂದ ಯಾವ ರಾಜ್ಯವನ್ನೂ ಯಾವ ರಾಜನೂ ರಿಪೇರಿ ಮಾಡಿಸಿರಲಾರ. ಹೊಸ ಪ್ಲಗ್ಗು ಬಿತ್ತು. ಕಾರ್ಬ್ಯುರೇಟರು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಊದಿ, ಕೂರಿಸಿದ್ದಾಯಿತು. ಕಾಯಿಲ್ ಬದಲಾಯಿತು. ಮುನೀರ್ ಇಡೀ ಗಾಡಿಯನ್ನು ಸೋಪಿನ ನೀರಿನಲ್ಲಿ ತೊಳೆದ. ಮಡ್‌ಗಾರ್ಡಿನ ಒಳಗಿನ ಕೆಸರನ್ನೂ ಬಿಡಲಿಲ್ಲ. ಆದರೂ ಮೋರಿ ಮೋರಿಯೇ. ರಿಪೇರಿ ಕೈಕೊಟ್ಟಷ್ಟೂ ನನ್ನ ಭಕ್ತಿ ಏರಿತು. ಶುಕ್ರವಾರದ ಗಂಧಕ್ಕೆ ಮಂಗಳವಾರದ್ದೂ ಸೇರಿತು. ಕೊನೆಗೆ ಒಂದು ಭಾನುವಾರ ಸಂಜೆ ಟ್ಯಾಂಕಿನ ಕತ್ತಿನವರೆಗೆ ಪೆಟ್ರೋಲು ತುಂಬಿಸಿದೆ. ಮನೆಗೆ ಬಂದು, ಮುಚ್ಚಳದ ಮೇಲೆ ದಪ್ಪಗೆ ಒಂದು ಬೊಟ್ಟಿಟ್ಟು, ಅದರ ಮೇಲೆ ಕುಂಕುಮ ಒತ್ತಿ, ಕೈಮುಗಿದೆ. ಮನುಷ್ಯಪ್ರಯತ್ನ, ದೈವಕೃಪೆ ಎರಡನ್ನೂ ಟಾಪ್ ಮಾಡಿಸಿದ ನೆಮ್ಮದಿಯಲ್ಲಿ ಮಲಗಿದೆ.

ಬೆಳಿಗ್ಗೆ ಏಳೂವರೆಗೆ, ಉಪ್ಪಿಟ್ಟಿನ ತಟ್ಟೆ ಮುಂದಿರುವಾಗ ಫೋನು ಬಂತು.

"ಸಾ, ಅಸ ನೋವ್ ತಿಂತಾ ಅದೆ. ನೀರು ಒಡ್ದು ಸುಮಾರೊತ್ತಾಯ್ತು. ಒಂದೇ ಕಾಲು ಈಚೆ ಬಂದದೆ."

ಕರು ಬರುವಾಗ ಎರಡು ಮುಂಗಾಲೂ ಅವುಗಳ ಮೇಲೆ ಒರಗಿಸಿಟ್ಟ ಮೂತಿಯೂ ಒಟ್ಟಿಗೆ ಬರಬೇಕು. ಒಂದೇ ಕಾಲು ಎಂದರೆ ಇನ್ನೊಂದು ಒಳಗೆ ಮಡಚಿಕೊಂಡಿದೆ. ತಾಯಿ ತಿಣುಕಿ ಮುಕ್ಕಿದಷ್ಟೂ ಸಿಕ್ಕಿಕೊಳ್ಳುತ್ತದೆ. "ಎಳೀಬೇಡಿ, ಯಾರಿಗೂ ಎಳೆಯೋಕೆ ಬಿಡಬೇಡಿ, ಬಂದೆ" ಎಂದು ಎದ್ದೆ. ಗಾಡಿ ಮೊದಲ ಕಿಕ್ಕಿಗೇ ಹೊರಟಿತು. ನಾನು ಮನಸ್ಸಿನಲ್ಲಿ ಮುನೀರನಿಗೂ ದೇವರಿಗೂ ಸಮನಾಗಿ ಪುಣ್ಯ ಹಂಚಿದೆ.

ಹಂಚಿದ್ದು ನಾಲ್ಕೇ ಕಿಲೋಮೀಟರಿಗೆ ಮುಗಿಯಿತು. ಮೋರಿಯವರೆಗೂ ಬರಲಿಲ್ಲ, ಒಂದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಎದುರಿಗೇ ಕೆಮ್ಮಿ ನಿಂತಿತು. ಇಷ್ಟು ದಿನ ಎಂಟಕ್ಕೆ ನಿಲ್ಲುತ್ತಿದ್ದದ್ದು ಇಷ್ಟೆಲ್ಲ ಸೇವೆಯಾದ ಮೇಲೆ ನಾಲ್ಕಕ್ಕೇ ನಿಂತಿತೆಂದರೆ ಏನು ಅರ್ಥ? ರಸ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲ. ಕಿಕ್ ಹೊಡೆದು ಹೊಡೆದು ಮೊಳಕಾಲು ಸಡಿಲವಾಯಿತು. ಕೊನೆಗೆ ಒಂದು ಅನುಮಾನ ಬಂತು: ನಿನ್ನೆ ತುಂಬಿಸಿದ ಪೆಟ್ರೋಲಿನಲ್ಲಿ ನೀರೇನಾದರೂ ಬೆರೆತಿದೆಯೋ? ಮುಚ್ಚಳದ ಬೀಗ ಬಿಡಿಸಿ, ಕೀಲಿಯನ್ನು ಮತ್ತೆ ಗಾಡಿಗೆ ಹಾಕಿ, ಮುಚ್ಚಳ ಎತ್ತಿದೆ. 'ಉಸ್' ಎಂದು ಒಂದು ಸದ್ದಾಯಿತು. ಮೂಗು ಹಾಕಿ ನೋಡುವಷ್ಟರಲ್ಲಿ ಮತ್ತೆ ಫೋನು.

"ಎಲ್ಲಿದ್ದೀರಿ ಸಾ?"

"ಬಂದೆ, ದಾರೀಲಿದೀನಿ."

"ದಾರೀಲಿ ನಿಂತಿದ್ದೀರೋ, ಬತ್ತಾ ಇದ್ದೀರೋ?"

ಫೋನು ಇಟ್ಟು ರೋಷದಿಂದ ಕಿಕ್ ಹೊಡೆದೆ. ಎದ್ದಿತು. ಎದ್ದದ್ದೇ ತಡ ಹತ್ತಿ ಹೊರಟೆ.

ಮೊದಲನೆಯ ಹಂಪು ಹಾರಿದಾಗ ತೊಡೆ ತಣ್ಣಗಾಯಿತು. ಕೆಳಗೆ ನೋಡಿದರೆ ಟ್ಯಾಂಕಿನ ಬಾಯಿ ಆಕಾಶ ನೋಡುತ್ತಿದೆ, ಮುಚ್ಚಳವಿಲ್ಲ. ಬ್ಯಾರನ್ನಿನ ಹತ್ತಿರ ಬಿದ್ದುಹೋಗಿರಬೇಕು. ಹಿಂದಕ್ಕೆ ಹೋಗೋಣವೆಂದರೆ ಹೊತ್ತಿಲ್ಲ. ನಿಲ್ಲಿಸೋಣವೆಂದರೆ ಮತ್ತೆ ಎದ್ದೀತೆಂಬ ಭರವಸೆಯಿಲ್ಲ. ಗೇರು ಬದಲಿಸದ ಹೊತ್ತಿನಲ್ಲೆಲ್ಲ ಎಡಗೈಯನ್ನು ಟ್ಯಾಂಕಿನ ಬಾಯಿಯ ಮೇಲಿಟ್ಟುಕೊಂಡು, ಹಂಪು ಹಳ್ಳಗಳಲ್ಲಿ ತೊಡೆಗೆ ಅಭಿಷೇಕ ಮಾಡಿಸಿಕೊಂಡು ಹೋದೆ. ಬೀಡಿ ಹಚ್ಚಿಕೊಂಡು ನಿಂತವರು ಕಂಡರೆ ದೂರದಿಂದಲೇ ರಸ್ತೆಯ ಆಚೆ ಮಗ್ಗುಲಿಗೆ ಸರಿದೆ. ಮೋರಿ ಬಂತು. ದನ ಕಾಯುವವರು ಜಾಗ ಬಿಡಲು ಎದ್ದರು. ಮೋರಿ ಹೋಯಿತು. ಹತ್ತು, ಹನ್ನೆರಡು, ಹದಿನೈದು ಕಿಲೋಮೀಟರು. ಗಾಡಿ ಹೊಸದಾಗಿ ತಂದ ದಿನದಂತೆ ಓಡಿತು.

ಕೊಟ್ಟಿಗೆಯಲ್ಲಿ ಕಡಸು ಮಲಗಿತ್ತು. ಅಂಗಿ ಬಿಚ್ಚಿ ಜಯಮ್ಮನವರ ಕೈಗೆ ಕೊಟ್ಟು, ತೋಳಿನವರೆಗೂ ಸೋಪು ಹಾಕಿ ತೊಳೆದೆ.

"ಏನ್ ಸಾ ಇದು ವಾಸ್ನೆ?"

"ಪೆಟ್ರೋಲು."

"ಗಾಡೀಗ್ ಆಕೋದಲ್ವಾ ಅದು?"

ಹಸು ಮುಕ್ಕುವುದನ್ನು ನಿಲ್ಲಿಸಿದ ಹೊತ್ತು ನೋಡಿ ಕರುವಿನ ಎದೆಯನ್ನು ಒಳಕ್ಕೆ ನೂಕಿದೆ. ಮಡಚಿದ ಕಾಲು ಕೈಗೆ ಸಿಕ್ಕಿತು. ಗೊರಸು ಗರ್ಭಕ್ಕೆ ತಾಗದಂತೆ ಅಂಗೈಯಲ್ಲಿ ಮುಚ್ಚಿ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ತಂದೆ. ಎರಡು ಸಲ ಜಾರಿತು. ಮೂರನೆಯ ಸಲ ಬಂತು. ಎರಡೂ ಕಾಲಿಗೆ ಹಗ್ಗ ಹಾಕಿ, ಅದು ಮುಕ್ಕಿದಾಗ ಮಾತ್ರ ನಾವಿಬ್ಬರೂ ಕೆಳಮುಖವಾಗಿ ಎಳೆದೆವು. ತಲೆ ಬಂತು, ಹೆಗಲು ಬಂತು, ಆಮೇಲೆ ಉಳಿದದ್ದೆಲ್ಲ ಒಮ್ಮೆಗೇ ಜಾರಿ ಹುಲ್ಲಿನ ಮೇಲೆ ಬಿತ್ತು.

ಬಿದ್ದದ್ದು ಅಲ್ಲಾಡಲಿಲ್ಲ. ನಾಲಿಗೆ ಹೊರಗಿತ್ತು. ಬಾಯಿ ಮೂಗಿನ ಲೋಳೆ ತೆಗೆದೆ, ಗೋಣಿಚೀಲದಲ್ಲಿ ಎದೆ ಉಜ್ಜಿದೆ, ಒಂದು ಹುಲ್ಲುಕಡ್ಡಿ ತೆಗೆದು ಮೂಗಿನ ಹೊಳ್ಳೆಯೊಳಗೆ ಆಡಿಸಿದೆ. ಜಯಮ್ಮ ಹಗ್ಗವನ್ನು ಕೈಯಿಂದ ಬಿಟ್ಟೇ ಇರಲಿಲ್ಲ. ಇನ್ನೊಮ್ಮೆ ಕಡ್ಡಿ ಆಡಿಸಿದೆ. ಕರು ಸೀನಿತು. ತಲೆ ಕೊಡವಿ, ಸಿಟ್ಟು ಬಂದವರ ಹಾಗೆ ನನ್ನ ಕಡೆ ನೋಡಿ, ಮತ್ತೊಮ್ಮೆ ಸೀನಿತು.

"ಎಣ್ಣು ಕರ" ಅಂದರು ಜಯಮ್ಮ. ಅಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಕರುವನ್ನು ತಾಯಿಯ ಮೂತಿಯ ಹತ್ತಿರಕ್ಕೆ ಎಳೆದು ಹಾಕಿದರು. ತಾಯಿ ನೆಕ್ಕಲು ಶುರುಮಾಡಿತು. ನಾನು ಗೋಡೆಗೆ ಒರಗಿ ಕೂತೆ.

ಕೈ ತೊಳೆದು ಬಂದಾಗ ಜಯಮ್ಮ ಅಂಗಿ ಕೊಡುತ್ತಾ, "ಜೋಬಲ್ ಏನ್ ಸಾ ಇದು, ಭಾರ್ವಾಗದೆ?" ಅಂದರು. ಟ್ಯಾಂಕಿನ ಮುಚ್ಚಳ. ಫೋನು ಎತ್ತುವಾಗ ಜೇಬಿಗೆ ಹಾಕಿಕೊಂಡಿದ್ದು ನೆನಪೇ ಇರಲಿಲ್ಲ. ಮುಚ್ಚಳ ಹಾಕಿದ್ದಾಗ ನಾಲ್ಕು ಕಿಲೋಮೀಟರಿಗೆ ನಿಂತ ಗಾಡಿ, ಹಾಕದೆ ಇದ್ದಾಗ ಕಡೇವರೆಗೂ ಓಡಿತು ಎಂಬುದನ್ನು ನಾನು ಅವರಿಗೆ ಒಂದು ಪವಾಡದಂತೆ ವರ್ಣಿಸಿದೆ. ಜಯಮ್ಮ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಎಣ್ಣೆ ಡಬ್ಬಕ್ಕೆ ಎಲ್ಡು ತೂತ ಮಾಡಾಕಿಲ್ವಾ ಸಾ? ಒಂದೇ ಆದ್ರೆ ಎಣ್ಣೆ ಬೀಳಾಕಿಲ್ಲ, ಗಾಳಿ ಓಗ್ಬೇಕು. ಇದ್ಕೂ ಎಲ್ಲಾರ ಒಂದ್ ತೂತ ಇರ್ಬೇಕು."

ಇತ್ತು. ಬೀಗದ ಕಿಂಡಿಯ ಪಕ್ಕದಲ್ಲಿ, ಸೂಜಿಮೊನೆಯಷ್ಟು. ಅದರ ಮೇಲೆ ನನ್ನ ದಸರೆಯ ಗಂಧ, ಗಂಧದ ಮೇಲೆ ಕುಂಕುಮ, ಕುಂಕುಮದ ಮೇಲೆ ಮಂಗಳವಾರ, ಶುಕ್ರವಾರ. ಹಿಂದಿನ ವರ್ಷಗಳಲ್ಲಿ ಬರೀ ಒಣ ಕುಂಕುಮ, ಗಾಳಿಗೇ ಉದುರಿಹೋಗುತ್ತಿತ್ತು. ಈ ಸಲ ಸುಶೀಲೆ ತಂದಿದ್ದ ಗಂಧದ ಪುಡಿ ಕಲಸಿಟ್ಟರೆ ಸಿಮೆಂಟಾಗುತ್ತಿತ್ತು. ಒಳಗೆ ಪೆಟ್ರೋಲು ಇಳಿದಷ್ಟೂ ಗಾಳಿ ಬರಲು ದಾರಿಯಿಲ್ಲ. ಟ್ಯಾಂಕು ತುಂಬಿದ್ದರೆ ಇದ್ದ ಗಾಳಿಯೂ ಅಷ್ಟಕ್ಕಷ್ಟೆ, ಇನ್ನೂ ಬೇಗ ಉಸಿರು ಕಟ್ಟುತ್ತದೆ. ಅಂದರೆ ನಾನು ಗಾಡಿಯ ಕತ್ತು ಹಿಸುಕಿ, ಅದು ಒದ್ದಾಡಿದ್ದನ್ನು ಕಂಡು ಇನ್ನಷ್ಟು ಭಕ್ತಿಯಿಂದ ಹಿಸುಕಿದ್ದೆ.

ಜಯಮ್ಮ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಗೆಬರಿದರು. ಪದರ ಪದರವಾಗಿ ಎದ್ದು ಬಂತು. "ಇದೆಷ್ಟ್ ವಾರದ್ದು ಸಾ?"

"ಐದು ಶುಕ್ರವಾರದ್ದು. ಮಂಗಳವಾರ ಬೇರೆ."

"ಒಳ್ಳೆ ಭಕ್ತಿ" ಅಂದರು, ನಗದೆ.

ಹೊರಡುವ ಮೊದಲು ಹೇಳಬೇಕಾದದ್ದು ಹೇಳಿದೆ. ಇನ್ನು ಮಾಸು ಬೀಳಬೇಕು. ಅದು ಒಳಗೇ ಉಳಿದರೆ ಇಷ್ಟು ಮಾಡಿದ್ದೂ ಸಾಲದು, ತಾಯಿಗೆ ನಂಜಾಗುತ್ತದೆ. "ಬಿದ್ದ ತಕ್ಷಣ ಫೋನ್ ಮಾಡಿ. ಸಂಜೆವರೆಗೂ ಬೀಳದಿದ್ರೂ ಮಾಡಿ."

ಆಸ್ಪತ್ರೆಯ ಕೆಲಸ ಮುಗಿಸಿ ಹುಣಸೂರಿಗೆ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ದಾರಿಯಲ್ಲಿ ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ನೇರ ಮುನೀರನ ಅಂಗಡಿಗೆ ಹೋಗಿ ಮುಚ್ಚಳ ತೆಗೆದು ಅವನ ಕೈಗಿಟ್ಟೆ. ಅವನು ಆ ತೂತನ್ನು ಬೆಳಕಿಗೆ ಹಿಡಿದು ನೋಡಿದ.

"ಎಲ್ಲಾ ಬಿಚ್ದೆ ಸಾ. ಇದೊಂದ ಮುಟ್ಲಿಲ್ಲ."

"ಯಾಕೆ ಮುಟ್ಟಲಿಲ್ಲ? ತೊಳೆಯೋವಾಗ್ಲೂ ಬಿಟ್ಟಿದ್ದೀಯ."

"ನೀವು ಪೂಜೆ ಮಾಡಿ ಬೊಟ್ಟಿಟ್ಟಿದ್ದೀರ. ನಾನೆಂಗ್ ಒರ್ಸ್ಲಿ? ಅದ್ರ ಸುತ್ತಾ ನೋಡ್ಕಂಡು ನೀರು ಬುಡ್ತಿದ್ದೆ."

ಅವನು ನನ್ನ ಮರ್ಯಾದೆ ಕಾದಿದ್ದ, ನಾನು ನಮ್ಮಪ್ಪನ ಮಾತು ಕಾದಿದ್ದೆ. ಅಷ್ಟರಲ್ಲಿ ಒಂದು ಕರುವನ್ನು ಕಾಯುವವರೇ ಇಲ್ಲದ ಹಾಗೆ ಆಗಿಬಿಡುತ್ತಿತ್ತು. ಉಳಿದ ಗಂಧವನ್ನು ಬಟ್ಟೆಯಿಂದ ನಾನೇ ಒರೆಸಿದೆ. ಅವನು ಆ ಬಟ್ಟೆಯನ್ನೂ ಕಾಲಿನ ಹತ್ತಿರ ಹಾಕದೆ ಮೇಲಿನ ಶೆಲ್ಫಿನಲ್ಲಿಟ್ಟ.

"ಇನ್ಮ್ಯಾಲೆ ಎಲ್ಲಿಡ್ಲಪ್ಪ ಬೊಟ್ಟು?"

ಮುನೀರ್ ಗಾಡಿಯ ಸುತ್ತ ಒಂದು ಸಲ ನಡೆದ. ಮುಂದಿನ ಮಡ್‌ಗಾರ್ಡನ್ನು ಬೆರಳಲ್ಲಿ ತಟ್ಟಿದ. "ಇಲ್ಲಿಡಿ ಸಾ. ಇಲ್ಲೆಲ್ಲೂ ತೂತಿಲ್ಲ."

ಬಾಯಿ ತೆರೆದ ಟ್ಯಾಂಕಿನೊಳಗೆ ದಾರಿಯ ಧೂಳೆಲ್ಲ ಹೋಗಿರುವುದರಿಂದ ಪೆಟ್ರೋಲು ಬಸಿದು ತೊಳೆಯಬೇಕು, ಗಾಡಿ ನಾಳೆಯವರೆಗೆ ಇಲ್ಲೇ ಇರಲಿ ಎಂದ. ಸರಿ ಎಂದೆ. ಬೆಳಗಿನಿಂದ ಎಷ್ಟನೆಯ ಸಲವೋ ಫೋನು ತೆಗೆದು ನೋಡಿದೆ. ಏನೂ ಬಂದಿರಲಿಲ್ಲ. ಮುನೀರ್ ಟೀಗೆ ಹೇಳಲು ಎದ್ದ. ಆಗ ಬಂತು.

"ಮಾಸು ಬಿತ್ತು ಸಾ. ಪೂರಾ ಬಿತ್ತು, ನೋಡ್ದೆ. ಕರ ಎದ್ದು ಕುಡೀತಾ ಅದೆ." ಹಿಂದೆ ಪಾತ್ರೆಯ ಸದ್ದು, ಯಾರೋ ನಗುವ ಸದ್ದು. "ನೀವಿನ್ನು ಓಗಿ ಉಣ್ಣಿ ಸಾ."

ಬೆಳಗಿನ ಉಪ್ಪಿಟ್ಟು ತಟ್ಟೆಯಲ್ಲೇ ಉಳಿದದ್ದು ಅವರಿಗೆ ಹೇಗೆ ತಿಳಿಯಿತೋ. ಟೀ ಬೇಡವೆಂದು ಮುನೀರನಿಗೆ ಹೇಳಿ, ಹೆಲ್ಮೆಟ್ಟನ್ನೂ ಅಲ್ಲೇ ಬಿಟ್ಟು ಮನೆಯ ಕಡೆ ಹೊರಟೆ. ತಿಂಗಳಿಂದೀಚೆಗೆ ನಾನು ರಸ್ತೆಯಲ್ಲಿ ನಡೆದಾಗಲೆಲ್ಲ ಮುಂದೆ ಒಂದು ಗಾಡಿ ತಳ್ಳಲಿಕ್ಕೆ ಇರುತ್ತಿತ್ತು. ಅವತ್ತು ಎರಡು ಕೈಯೂ ಖಾಲಿ. ಅವುಗಳನ್ನು ಏನು ಮಾಡಬೇಕೆಂದು ಸ್ವಲ್ಪ ದೂರದವರೆಗೆ ತಿಳಿಯಲಿಲ್ಲ. ಆಮೇಲೆ ಬೆನ್ನ ಹಿಂದೆ ಕಟ್ಟಿಕೊಂಡು, ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದಿಕೊಂಡು, ನಿಧಾನವಾಗಿ ಊಟಕ್ಕೆ ಹೋದೆ.